ತಂಡದ ಹೊಣೆ ಹೊತ್ತವರು ತಮ್ಮನ್ನು ತಾವು ಅರಿಯುವ ದಾರಿಗಳು: ಯಾವುದು ಯಾವಾಗ?

ತಂಡವೊಂದನ್ನು ಮುನ್ನಡೆಸುವವರಿಗೆ ತಮ್ಮ ಬಗ್ಗೆ ತಮಗೆ ಅರಿವಿರಬೇಕು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆ ಅರಿವನ್ನು ಬೆಳೆಸಿಕೊಳ್ಳುವುದು ಹೇಗೆ ಎಂದು ಕೇಳಿದಾಗ ಮಾತ್ರ ಉತ್ತರಗಳು ಕವಲೊಡೆಯುತ್ತವೆ. ದಿನಚರಿ ಬರೆಯಿರಿ ಎಂದು ಒಬ್ಬರು ಹೇಳಿದರೆ, ವ್ಯಕ್ತಿತ್ವ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಇನ್ನೊಬ್ಬರು ಹೇಳುತ್ತಾರೆ. ಮಾನವ ಸಂಪನ್ಮೂಲ ವಿಭಾಗ, ಜೊತೆಗೆ ಕೆಲಸ ಮಾಡುವವರೆಲ್ಲರ ಅಭಿಪ್ರಾಯ ಕೇಳುವ 360 ಡಿಗ್ರಿ ಫೀಡ್‌ಬ್ಯಾಕ್‌ನ ಲಿಂಕ್ ಕಳುಹಿಸುತ್ತದೆ, ಹಿತೈಷಿಗಳು ಒಳ್ಳೆಯ ಕೋಚ್ ಒಬ್ಬರ ಹೆಸರು ಸೂಚಿಸುತ್ತಾರೆ, ಧ್ಯಾನದಿಂದ ಬದಲಾದವರು ಧ್ಯಾನವನ್ನೇ ಮಾಡಿ ಎನ್ನುತ್ತಾರೆ. ಇವೆಲ್ಲ ಒಂದೇ ಊರಿಗೆ ಹೋಗುವ ಬೇರೆ ಬೇರೆ ದಾರಿಗಳು ಎಂದುಕೊಂಡು, ಸಮಯ ಕಡಿಮೆ ಬೇಡುವುದನ್ನೋ ಸಂಸ್ಥೆಯೇ ಖರ್ಚು ಭರಿಸುವುದನ್ನೋ ಆರಿಸಿಕೊಳ್ಳುವುದು ವಾಡಿಕೆಯಾಗಿದೆ. ನಾನು ಕಂಡಂತೆ ಆಯ್ಕೆ ಎಡವುವುದು ಇಲ್ಲಿಯೇ. ಈ ದಾರಿಗಳು ಬೇರೆ ಬೇರೆ ಊರುಗಳಿಗೇ ಹೋಗುತ್ತವೆ. ನಮಗೆ ಕಾಣದಿರುವುದು ಯಾವ ಬಗೆಯದು ಎಂಬುದನ್ನು ಮೊದಲು ಗುರುತಿಸದೆ ಸಾಧನವನ್ನು ಆರಿಸಿಕೊಂಡರೆ, ಈಗಾಗಲೇ ಗೊತ್ತಿದ್ದುದನ್ನೇ ಇನ್ನಷ್ಟು ವಿವರವಾಗಿ ತಿಳಿದುಕೊಂಡಂತಾಗುತ್ತದೆ.

ಕಾಣದಿರುವುದರಲ್ಲಿಯೇ ಮೂರು ಬಗೆ

ಮೊದಲನೆಯದು ನಮ್ಮೊಳಗೆ ನಡೆಯುವುದು: ಯಾವ ಮಾತಿಗೆ ಸಿಟ್ಟು ಏರುತ್ತದೆ, ಯಾವ ವಿಷಯ ಬಂದಾಗ ಆತಂಕವಾಗುತ್ತದೆ, ಯಾರ ಮೆಚ್ಚುಗೆಗೆ ಮನಸ್ಸು ಹಾತೊರೆಯುತ್ತದೆ ಎಂಬಂಥವು. ಎರಡನೆಯದು ನಮ್ಮ ಮಾತು ಮತ್ತು ನಡೆಯಿಂದ ಇತರರ ಮೇಲೆ ಆಗುವ ಪರಿಣಾಮ. ಮೂರನೆಯದು ತಿಂಗಳುಗಳ, ವರ್ಷಗಳ ಉದ್ದಕ್ಕೂ ಹರಡಿಕೊಂಡಿರುವ ನಮ್ಮ ಚಾಳಿ, ಅಂದರೆ ಪದೇ ಪದೇ ಒಂದೇ ದಿಕ್ಕಿನಲ್ಲಿ ತಪ್ಪುವ ಅಂದಾಜು, ಒಂದೇ ಬಗೆಯ ಜನರನ್ನು ನಂಬಿ ಕೆಡುವ ಅಭ್ಯಾಸ.

ಈ ವಿಂಗಡಣೆ ಕೇವಲ ಅನುಕೂಲಕ್ಕಾಗಿ ಮಾಡಿದ್ದಲ್ಲ. ಮನಶ್ಶಾಸ್ತ್ರಜ್ಞೆ ಸಿಮೈನ್ ವಜೀರ್ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಒಬ್ಬರ ಬಗ್ಗೆ ಅವರೇ ಚೆನ್ನಾಗಿ ಬಲ್ಲದ್ದು ಯಾವುದು, ಗೆಳೆಯರು ಚೆನ್ನಾಗಿ ಬಲ್ಲದ್ದು ಯಾವುದು ಎಂಬುದನ್ನು ಹೋಲಿಸಿ ನೋಡಿತು. ಆತಂಕದಂಥ ಒಳಗಿನ ಗುಣಗಳ ವಿಷಯದಲ್ಲಿ ವ್ಯಕ್ತಿಯ ಸ್ವಂತ ಅಂದಾಜೇ ಹೆಚ್ಚು ಸರಿಯಾಗಿತ್ತು. ಬುದ್ಧಿವಂತಿಕೆಯಂಥ, ಒಳ್ಳೆಯದು ಕೆಟ್ಟದ್ದು ಎಂಬ ಭಾರ ಹೊತ್ತ ಗುಣಗಳ ವಿಷಯದಲ್ಲಿ ಗೆಳೆಯರ ಅಂದಾಜು ಮೇಲಾಗಿತ್ತು, ಏಕೆಂದರೆ ಅಂಥ ಕಡೆ ನಮ್ಮ ಅಹಂಕಾರ ಅಡ್ಡ ಬರುತ್ತದೆ. ನಾಯಕತ್ವಕ್ಕೆ ಬೇಕಾದ ಗುಣಗಳಲ್ಲಿ ಬಹುಪಾಲು ಈ ಎರಡನೆಯ ಗುಂಪಿನವು. ನಾನು ನ್ಯಾಯವಾಗಿ ನಡೆದುಕೊಳ್ಳುತ್ತೇನೆಯೇ, ಇತರರ ಮಾತು ಕೇಳಿಸಿಕೊಳ್ಳುತ್ತೇನೆಯೇ, ಸ್ಪಷ್ಟವಾಗಿ ಹೇಳುತ್ತೇನೆಯೇ ಎಂಬ ಪ್ರಶ್ನೆಗಳಿಗೆ ಕಣ್ಣು ಮುಚ್ಚಿ ಕುಳಿತು ಉತ್ತರ ಹುಡುಕಿದರೆ, ಮನಸ್ಸು ತನಗೆ ಹಿತವಾದ ಉತ್ತರವನ್ನೇ ಎತ್ತಿ ಕೊಡುತ್ತದೆ.

1955ರಲ್ಲಿ ಜೋಸೆಫ್ ಲುಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗ್‌ಹ್ಯಾಮ್ ರೂಪಿಸಿದ ಜೊಹಾರಿ ಕಿಟಕಿಯನ್ನು ತರಬೇತಿಗಳಲ್ಲಿ ಅನೇಕರು ನೋಡಿರುತ್ತಾರೆ. ನನಗೂ ಇತರರಿಗೂ ಗೊತ್ತಿರುವುದು, ನನಗೆ ಮಾತ್ರ ಗೊತ್ತಿರುವುದು, ಇತರರಿಗೆ ಮಾತ್ರ ಗೊತ್ತಿರುವುದು, ಯಾರಿಗೂ ಗೊತ್ತಿಲ್ಲದ್ದು ಎಂಬ ನಾಲ್ಕು ಮನೆಗಳ ಚಿತ್ರ ಅದು. ಆ ಚಿತ್ರದಲ್ಲಿ ಕಾಲಕ್ಕೆ ಸ್ಥಾನವಿಲ್ಲ ಎಂಬುದಷ್ಟೇ ನನ್ನ ಕೊರಗು. ಅಂದು ನಾನು ಏನು ಎಣಿಸಿದ್ದೆ ಎಂಬುದು ಅಂದು ನನಗೆ ಗೊತ್ತಿತ್ತು, ಇಂದು ಗೊತ್ತಿಲ್ಲ. ಅದಕ್ಕಿಂತ ಅಪಾಯಕರವಾದ ಸಂಗತಿಯೆಂದರೆ, ಗೊತ್ತಿದೆ ಎಂದೇ ನಾನು ನಂಬಿರುತ್ತೇನೆ.

ಬರೆಯುವುದು: ದಿನಚರಿಯೋ, ನಿರ್ಧಾರದ ನೋಟ್‌ಬುಕ್ಕೋ?

ಬರೆಯಿರಿ ಎಂಬ ಸಲಹೆಯೊಳಗೆ ಎರಡು ತೀರಾ ಭಿನ್ನವಾದ ಅಭ್ಯಾಸಗಳು ಅಡಗಿವೆ. ದಿನಚರಿ ಮೊದಲನೆಯ ಬಗೆಯ ಕುರುಡಿಗೆ ಮದ್ದು. ಸಂಜೆ ಹತ್ತು ನಿಮಿಷ ಕುಳಿತು, ಇಂದು ಯಾವ ಗಳಿಗೆಯಲ್ಲಿ ಮೈ ಬಿಸಿಯಾಯಿತು, ಆಗ ಎದುರಿಗೆ ಯಾರಿದ್ದರು, ಅವರು ಏನು ಹೇಳಿದ್ದರು ಎಂದು ದಾಖಲಿಸಿದರೆ ಕೆಲವು ವಾರಗಳಲ್ಲಿ ಸಿಟ್ಟಿನ ನಕ್ಷೆ ಮೂಡುತ್ತದೆ. ಆದರೆ ಅದಕ್ಕೊಂದು ಗುಂಡಿಯಿದೆ, ಅದರಲ್ಲಿ ಬೀಳುವವರು ಬಹಳ ಮಂದಿ: ಏನಾಯಿತು ಎಂದು ಬರೆಯುವುದರ ಬದಲು ಏಕೆ ಹಾಗೆ ಮಾಡಿದೆ ಎಂದು ಬರೆಯುವುದು.

ರಿಚರ್ಡ್ ನಿಸ್ಬೆಟ್ ಮತ್ತು ತಿಮೋತಿ ವಿಲ್ಸನ್ 1977ರಲ್ಲಿ ವರದಿ ಮಾಡಿದ ಪ್ರಯೋಗವೊಂದರಲ್ಲಿ, ಸಾಲಾಗಿ ಇಟ್ಟ ನಾಲ್ಕು ಜೊತೆ ಕಾಲುಚೀಲಗಳಲ್ಲಿ ಉತ್ತಮವಾದದ್ದನ್ನು ಆರಿಸಲು ಜನರಿಗೆ ಹೇಳಲಾಯಿತು. ನಾಲ್ಕೂ ಒಂದೇ ಬಗೆಯವಾಗಿದ್ದವು. ಜನ ಹೆಚ್ಚಾಗಿ ಆರಿಸಿದ್ದು ಬಲತುದಿಯಲ್ಲಿದ್ದುದನ್ನು. ಕಾರಣ ಕೇಳಿದಾಗ ಅವರು ಗುಣಮಟ್ಟದ ಬಗ್ಗೆ ಮಾತನಾಡಿದರೇ ಹೊರತು, ಇಟ್ಟ ಜಾಗದಿಂದ ಹಾಗಾಯಿತು ಎಂದು ಯಾರೂ ತಾವಾಗಿ ಹೇಳಲಿಲ್ಲ. ಅವರು ಸುಳ್ಳು ಹೇಳುತ್ತಿರಲಿಲ್ಲ. ಮನಸ್ಸು ಕಾರಣವನ್ನು ಹುಡುಕುವುದಿಲ್ಲ, ಒಪ್ಪುವಂಥ ಒಂದು ಕಾರಣವನ್ನು ಹೆಣೆಯುತ್ತದೆ. ಕಿರಿಯ ಸಹೋದ್ಯೋಗಿಯ ಪ್ರಸ್ತಾಪವನ್ನು ನಾನೇಕೆ ತಳ್ಳಿಹಾಕಿದೆ ಎಂದು ರಾತ್ರಿ ಕುಳಿತು ಬರೆಯುವವರ ಕೈಯಲ್ಲಿಯೂ ಇದೇ ಹೆಣಿಗೆ ನಡೆಯುತ್ತದೆ. ಆದುದರಿಂದ ದಿನಚರಿಯನ್ನು ಆರಿಸಿಕೊಂಡರೆ ‘ಏನು’, ‘ಯಾವಾಗ’, ‘ಯಾರೆದುರು’ ಎಂಬ ಪ್ರಶ್ನೆಗಳಿಗೆ ಅಂಟಿಕೊಳ್ಳುವುದು ಕ್ಷೇಮ.

ನಿರ್ಧಾರದ ನೋಟ್‌ಬುಕ್ ಮೂರನೆಯ ಬಗೆಗೆ, ಅಂದರೆ ಕಾಲದಲ್ಲಿ ಹರಡಿರುವ ಚಾಳಿಗೆ ಸಂಬಂಧಿಸಿದ್ದು. ಮುಖ್ಯ ನಿರ್ಧಾರ ಮಾಡಿದಾಗಲೆಲ್ಲ ಅದರಿಂದ ಏನಾಗುತ್ತದೆಂದು ನಿರೀಕ್ಷಿಸುತ್ತೀರಿ ಎಂಬುದನ್ನು ಬರೆದಿಡಿ, ಒಂಬತ್ತರಿಂದ ಹನ್ನೆರಡು ತಿಂಗಳ ಬಳಿಕ ನಡೆದದ್ದರೊಂದಿಗೆ ಹೋಲಿಸಿ ನೋಡಿ ಎಂದು ನಿರ್ವಹಣಾ ಚಿಂತಕ ಪೀಟರ್ ಡ್ರಕರ್ ಹೇಳುತ್ತಿದ್ದರು. ನೆನಪನ್ನೇ ನಂಬಿದರೆ ಸಾಲದೇ ಎಂದು ಕೇಳುವವರಿಗೆ ಬರೂಕ್ ಫಿಶ್‌ಹಾಫ್ ಮತ್ತು ರುತ್ ಬೇಯ್ತ್ 1975ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರ ಕೊಡುತ್ತದೆ. ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ 1972ರಲ್ಲಿ ಚೀನಾ ಮತ್ತು ಸೋವಿಯತ್ ಒಕ್ಕೂಟಕ್ಕೆ ಭೇಟಿ ಕೊಡುವ ಮುನ್ನ, ಅಲ್ಲಿ ಏನೇನು ನಡೆಯಬಹುದು ಎಂಬುದರ ಸಾಧ್ಯತೆಯನ್ನು ಈ ಇಬ್ಬರು ಸಂಶೋಧಕರು ವಿದ್ಯಾರ್ಥಿಗಳಿಂದ ಅಂದಾಜು ಮಾಡಿಸಿದ್ದರು. ಭೇಟಿ ಮುಗಿದ ಮೇಲೆ ಅಂದಿನ ಅಂದಾಜನ್ನು ನೆನಪಿಸಿಕೊಳ್ಳಲು ಹೇಳಿದಾಗ, ನಿಜವಾಗಿ ನಡೆದ ಸಂಗತಿಗಳನ್ನು ತಾವು ಮೊದಲೇ ಹೆಚ್ಚು ಖಚಿತವಾಗಿ ಊಹಿಸಿದ್ದೆವೆಂಬಂತೆ ವಿದ್ಯಾರ್ಥಿಗಳ ನೆನಪು ವಾಲಿತ್ತು. ನಾನು ಆಗಲೇ ಹೇಳಿದ್ದೆ ಎನ್ನುವ ಮೇಲಧಿಕಾರಿ ಅದನ್ನು ಮನಃಪೂರ್ವಕವಾಗಿ ನಂಬಿಯೇ ಹೇಳುತ್ತಿರುತ್ತಾರೆ.

ನೋಟ್‌ಬುಕ್‌ನಲ್ಲಿ ಒಂದು ದಾಖಲೆ ಹೀಗಿರಬಹುದು: “ಹೊಸ ವಿಭಾಗಕ್ಕೆ ಇಬ್ಬರಲ್ಲಿ ಹಿರಿಯರನ್ನೇ ಮುಖ್ಯಸ್ಥರನ್ನಾಗಿ ಮಾಡುತ್ತಿದ್ದೇನೆ. ಆರು ತಿಂಗಳಲ್ಲಿ ಆ ತಂಡ ನನ್ನ ನೆರವಿಲ್ಲದೆ ನಡೆಯುತ್ತದೆ ಎಂಬ ನಿರೀಕ್ಷೆ. ಖಚಿತತೆ ನೂರಕ್ಕೆ 70. ಅಳುಕು: ಅವರಿಗೆ ಕೊಡದಿದ್ದರೆ ಕೆಲಸ ಬಿಟ್ಟು ಹೋಗುತ್ತಾರೆಂಬ ಭಯ ಈ ನಿರ್ಧಾರದಲ್ಲಿ ಎಷ್ಟಿದೆ?” ಇದನ್ನು ಬರೆಯಲು ಐದು ನಿಮಿಷ ಸಾಕು. ಇಂಥ ಹತ್ತು ಹದಿನೈದು ದಾಖಲೆಗಳು ಸೇರಿದ ಮೇಲೆ, ಭಯದಿಂದ ಮಾಡಿದ ನೇಮಕಗಳು ಹೇಗೆ ಕೊನೆಗೊಂಡವು, 90 ಎಂದು ಬರೆದ ಖಚಿತತೆ ಎಷ್ಟು ಬಾರಿ ನಿಜವಾಯಿತು ಎಂಬುದು ನಿಮ್ಮ ಕೈಬರಹದಲ್ಲಿಯೇ ಕಣ್ಣೆದುರು ನಿಲ್ಲುತ್ತದೆ. ನನ್ನ ಮಟ್ಟಿಗೆ ಇದು ಎಲ್ಲ ಸಾಧನಗಳಲ್ಲಿಯೂ ಅತ್ಯಂತ ಅಗ್ಗವಾದದ್ದು, ಮತ್ತು ಅತ್ಯಂತ ಕಡಿಮೆ ಜನ ಬಳಸುವಂಥದ್ದು. ಫಲ ಬರಲು ತಿಂಗಳುಗಟ್ಟಲೆ ಕಾಯಬೇಕೆಂಬುದೊಂದೇ ಇದರ ದೊಡ್ಡ ಕೊರತೆ. ಮುಂದಿನ ವಾರವೇ ಉತ್ತರ ಬೇಕಾದವರಿಗೆ ಇದು ಹೊಂದುವುದಿಲ್ಲ.

ಕೇಳುವುದು: 360 ಡಿಗ್ರಿಯೋ, ಎದುರೆದುರು ಮಾತೋ?

ಎರಡನೆಯ ಬಗೆಯ ಕುರುಡನ್ನು ಒಬ್ಬರೇ ಕುಳಿತು ಕಳೆದುಕೊಳ್ಳಲು ಸಾಧ್ಯವಿಲ್ಲ. ಇತರರನ್ನು ಕೇಳಲೇಬೇಕು, ಮತ್ತು ಕೇಳುವ ಬಗೆಯಲ್ಲಿಯೇ ಎಲ್ಲವೂ ಅಡಗಿದೆ.

360 ಡಿಗ್ರಿ ಫೀಡ್‌ಬ್ಯಾಕ್‌ನಲ್ಲಿ ಮೇಲಧಿಕಾರಿ, ಸಮಾನ ಹುದ್ದೆಯವರು, ಕೈಕೆಳಗೆ ಕೆಲಸ ಮಾಡುವವರು ಒಂದೇ ಪ್ರಶ್ನಾವಳಿಗೆ ಹೆಸರಿಲ್ಲದೆ ಉತ್ತರಿಸುತ್ತಾರೆ. ನೀವೂ ಅದೇ ಪ್ರಶ್ನೆಗಳಿಗೆ ನಿಮ್ಮ ಬಗ್ಗೆ ಉತ್ತರಿಸುತ್ತೀರಿ. ವರದಿಯಲ್ಲಿ ನೋಡಬೇಕಾದದ್ದು ಸರಾಸರಿ ಅಂಕವನ್ನಲ್ಲ, ಎರಡು ಅಂತರಗಳನ್ನು: ನಿಮ್ಮ ಅಂಕಕ್ಕೂ ಇತರರ ಅಂಕಕ್ಕೂ ನಡುವಿನದು, ಮೇಲಧಿಕಾರಿ ಕಂಡ ನಿಮಗೂ ಕೈಕೆಳಗಿನವರು ಕಂಡ ನಿಮಗೂ ನಡುವಿನದು. ಎರಡನೆಯ ಅಂತರ ದೊಡ್ಡದಾಗಿದ್ದರೆ, ಅಂಥ ಸುದ್ದಿಯನ್ನು ಬೇರಾವ ಸಾಧನವೂ ಇಷ್ಟು ನೇರವಾಗಿ ತಂದುಕೊಡಲಾರದು.

ಆದರೆ ಈ ಸಾಧನ ಸುತ್ತಲಿನ ಏರ್ಪಾಡನ್ನು ತುಂಬಾ ಅವಲಂಬಿಸಿದೆ. ತಂಡದಲ್ಲಿ ಇರುವವರೇ ಮೂವರಾದರೆ, ಯಾರು ಏನು ಬರೆದರೆಂದು ಭಾಷೆಯಿಂದಲೇ ಗೊತ್ತಾಗುತ್ತದೆ. ಹೆಸರಿಲ್ಲದಿರುವುದರ ಅರ್ಥವೇ ಹೋಗುತ್ತದೆ. ಬಡ್ತಿಗೋ ಇನ್‌ಕ್ರಿಮೆಂಟ್‌ಗೋ ಇದನ್ನು ಜೋಡಿಸಿದರೆ, ಬರೆಯುವವರು ಒಂದೋ ಉದಾರರಾಗುತ್ತಾರೆ, ಇಲ್ಲವೇ ಹಳೆಯ ಲೆಕ್ಕ ತೀರಿಸಿಕೊಳ್ಳುತ್ತಾರೆ. ನಿಮ್ಮ ಸಂಸ್ಥೆಯಲ್ಲಿ ಈ ವರದಿ ನಿಮ್ಮ ಕೈಗೆ ಬರುವ ಮುನ್ನ ಬೇರೆಯವರ ಮೇಜಿನ ಮೇಲೆ ಹೋಗುವುದಾದರೆ, ಅದನ್ನು ಸ್ವ-ಅರಿವಿನ ಸಾಧನವೆಂದು ಎಣಿಸದಿರುವುದೇ ಲೇಸು.

ಫೀಡ್‌ಬ್ಯಾಕ್ ಎಷ್ಟಿದ್ದರೂ ಒಳ್ಳೆಯದೇ ಎಂಬ ನಂಬಿಕೆಗೂ ಸ್ವಲ್ಪ ಎಚ್ಚರ ಬೇಕು. ಅವ್ರಹಾಂ ಕ್ಲೂಗರ್ ಮತ್ತು ಏಂಜೆಲೋ ಡೆನಿಸಿ 1996ರಲ್ಲಿ ಹಲವು ದಶಕಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಫೀಡ್‌ಬ್ಯಾಕ್‌ನಿಂದ ಸರಾಸರಿಯಲ್ಲಿ ಕೆಲಸ ಸುಧಾರಿಸಿತ್ತಾದರೂ, ಮೂರನೇ ಒಂದಕ್ಕಿಂತ ಹೆಚ್ಚು ಪ್ರಸಂಗಗಳಲ್ಲಿ ಕೆಲಸ ಇನ್ನಷ್ಟು ಕೆಟ್ಟಿತ್ತು. ಗಮನವು ಮಾಡುವ ಕೆಲಸದಿಂದ ಸರಿದು ನಾನು ಎಂಥವನು ಎಂಬ ಕಡೆಗೆ ಹೋದಷ್ಟೂ ಪ್ರಯೋಜನ ಕುಗ್ಗುತ್ತದೆ ಎಂಬುದು ಅವರ ವಿವರಣೆ. ಇತರರಿಗೆ ಬೆಂಬಲ ಕೊಡುವುದಿಲ್ಲ ಎಂಬ ಸಾಲನ್ನು ಓದಿ ಎರಡು ವಾರ ಮುದುಡಿಕೊಂಡವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಆ ಸಾಲಿನಿಂದ ಮರುದಿನ ಬೆಳಗ್ಗೆ ಏನನ್ನು ಬೇರೆ ರೀತಿಯಲ್ಲಿ ಮಾಡಬೇಕೆಂಬುದು ಅವರಿಗೆ ತಿಳಿಯಲಿಲ್ಲ, ನೋವು ಮಾತ್ರ ಉಳಿಯಿತು.

ಎದುರೆದುರು ಕೇಳುವುದು ಇದಕ್ಕೆ ತದ್ವಿರುದ್ಧವಾದ ಬಲ ಮತ್ತು ದೌರ್ಬಲ್ಯವುಳ್ಳದ್ದು. ಉತ್ತರ ಸ್ಪಷ್ಟವಾಗಿರುತ್ತದೆ, ಮರುಪ್ರಶ್ನೆ ಕೇಳಬಹುದು, ಖರ್ಚಿಲ್ಲ. ಆದರೆ ಕೇಳುವವರ ಕೈಯಲ್ಲಿ ಅಧಿಕಾರವಿದೆ, ಹೇಳುವವರಿಗೆ ಅದು ಗೊತ್ತಿದೆ. ನನ್ನ ಬಗ್ಗೆ ಮುಕ್ತವಾಗಿ ಏನಾದರೂ ಹೇಳಿ ಎಂದು ಕೇಳಿದರೆ, ಎಲ್ಲ ಚೆನ್ನಾಗಿಯೇ ಇದೆ ಎಂಬ ಉತ್ತರ ಬಾರದೆ ಇರದು. ಪ್ರಶ್ನೆ ಸಣ್ಣದಾಗಿ, ಇತ್ತೀಚಿನದಾಗಿ, ಮಾಡಿದ ಕೆಲಸದ ಬಗ್ಗೆ ಇರಬೇಕು. “ಮೊನ್ನೆಯ ಸಭೆಯಲ್ಲಿ ನೀವು ಮಾತು ಶುರುಮಾಡಿ ನಿಲ್ಲಿಸಿದಿರಿ. ನಾನು ಮಾಡಿದ ಯಾವುದರಿಂದಾದರೂ ಹಾಗಾಯಿತೇ?” ಎಂದು ಕೇಳಿದಾಗ, ಎದುರಿಗಿರುವವರು ನಿಮ್ಮ ಸ್ವಭಾವಕ್ಕೆ ತೀರ್ಪು ಕೊಡಬೇಕಾಗಿಲ್ಲ, ಒಂದು ಗಳಿಗೆಯನ್ನು ನೆನಪಿಸಿಕೊಂಡರೆ ಸಾಕು. ಉತ್ತರ ಬಂದಾಗ ಸಮಜಾಯಿಷಿ ಕೊಡದೆ ಧನ್ಯವಾದ ಹೇಳಿ ಸುಮ್ಮನಿರುವುದು, ಆಮೇಲೆ ಒಂದು ವಿಷಯದಲ್ಲಾದರೂ ಕಣ್ಣಿಗೆ ಕಾಣುವಂತೆ ಬದಲಾಗುವುದು, ಇವೆರಡೂ ಇಲ್ಲದಿದ್ದರೆ ಮುಂದಿನ ಬಾರಿ ಯಾರೂ ಬಾಯಿ ಬಿಡುವುದಿಲ್ಲ.

ದೂರುಗಳೇ ಇಲ್ಲದ ತಂಡವನ್ನು ನೋಡಿ ಸಮಾಧಾನಪಡುವವರಿಗೆ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಅವರ ಆಸ್ಪತ್ರೆಗಳ ಅಧ್ಯಯನವನ್ನು ನೆನಪಿಸಬೇಕೆನಿಸುತ್ತದೆ. ಒಳ್ಳೆಯ ಮುಂದಾಳತ್ವವಿದ್ದ ನರ್ಸಿಂಗ್ ತಂಡಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳು ಹೆಚ್ಚಾಗಿ ದಾಖಲಾಗಿದ್ದುದು ಅವರಿಗೆ ಕಂಡುಬಂತು. ಅಲ್ಲಿ ತಪ್ಪುಗಳು ಹೆಚ್ಚು ನಡೆಯುತ್ತಿದ್ದವೆಂದಲ್ಲ, ಅಲ್ಲಿನವರು ತಪ್ಪನ್ನು ಹೇಳಿಕೊಳ್ಳಲು ಹೆದರುತ್ತಿರಲಿಲ್ಲ ಎಂಬುದು ಅವರು ಕೊಟ್ಟ ವಿವರಣೆ. ತಂಡದಲ್ಲಿ ಹೆದರದೆ ಮಾತನಾಡಬಹುದೆಂಬ ಈ ಭರವಸೆಯನ್ನೇ, ಅಂದರೆ ಮಾನಸಿಕ ಸುರಕ್ಷತೆ ಎಂಬ ಪರಿಕಲ್ಪನೆಯನ್ನು, ಅವರು 1999ರಲ್ಲಿ ವಿಸ್ತರಿಸಿ ಬರೆದರು. ನಿಮ್ಮ ಬಗ್ಗೆ ಕಹಿ ಮಾತೇ ಕೇಳಿಬರುತ್ತಿಲ್ಲವಾದರೆ ಎದುರೆದುರು ಕೇಳುವ ದಾರಿ ಸದ್ಯಕ್ಕೆ ನಿಮಗೆ ಮುಚ್ಚಿದೆ ಎಂದೇ ತಿಳಿಯಿರಿ. ಅಂಥ ಕಡೆ ಹೆಸರಿಲ್ಲದ ಫೀಡ್‌ಬ್ಯಾಕ್‌ನಿಂದಲೇ ಆರಂಭಿಸಬೇಕಾಗುತ್ತದೆ.

ಇವೆರಡರ ನಡುವೆ ಮೂರನೆಯದೊಂದು ಇದೆ, ಅದರ ಬಗ್ಗೆ ಯಾರೂ ಹೆಚ್ಚು ಮಾತನಾಡುವುದಿಲ್ಲ: ಸಭೆಯ ಧ್ವನಿಮುದ್ರಣ. ನಾನು ಪ್ರಶ್ನೆ ಕೇಳುವ, ಇತರರಿಗೆ ಅವಕಾಶ ಕೊಡುವ ಮನುಷ್ಯ ಎಂದು ವರ್ಷಗಟ್ಟಲೆ ನಂಬಿದ್ದೆ. ಒಮ್ಮೆ ಎಲ್ಲರ ಒಪ್ಪಿಗೆ ಪಡೆದು ಒಂದು ಗಂಟೆಯ ಸಭೆಯನ್ನು ಮುದ್ರಿಸಿಕೊಂಡು ಒಬ್ಬನೇ ಕುಳಿತು ಕೇಳಿದೆ. ಪ್ರಶ್ನೆಗಳನ್ನೇನೋ ಕೇಳಿದ್ದೆ. ಆದರೆ ಕೇಳಿ ಎರಡು ಮೂರು ಸೆಕೆಂಡು ಕಳೆಯುವುದರೊಳಗೆ, “ಅಂದರೆ ನನಗನಿಸುವುದು…” ಎಂದು ನಾನೇ ಉತ್ತರ ಶುರು ಮಾಡಿದ್ದೆ. ಅದೂ ಆರು ಬಾರಿ. ಒಂದು ಕಡೆ ಯಾರೋ ಉಸಿರೆಳೆದುಕೊಂಡು ಮಾತಿಗೆ ಸಿದ್ಧರಾದ ಸದ್ದು ಸ್ಪಷ್ಟವಾಗಿ ಕೇಳಿಸುತ್ತದೆ, ಅದರ ಮೇಲೆ ನನ್ನ ಧ್ವನಿ ಬೀಳುತ್ತದೆ. ಯಾವ ಪ್ರಶ್ನಾವಳಿಯೂ ಆ ಉಸಿರನ್ನು ನನಗೆ ಕೇಳಿಸುತ್ತಿರಲಿಲ್ಲ. ಧ್ವನಿಮುದ್ರಣಕ್ಕೆ ಯಾರ ಧೈರ್ಯವೂ ಬೇಕಿಲ್ಲ, ಯಾರ ದಾಕ್ಷಿಣ್ಯವೂ ಅದಕ್ಕಿಲ್ಲ. ಆದರೆ ಇತರರಿಗೆ ಹೇಗನಿಸಿತು ಎಂಬುದನ್ನು ಅದು ಹೇಳಲಾರದು. ಒಪ್ಪಿಗೆಯಿಲ್ಲದೆ ಮುದ್ರಿಸುವುದಂತೂ ಸಲ್ಲದು, ಇರುವ ನಂಬಿಕೆಯೂ ಅದರಿಂದ ಹೋಗುತ್ತದೆ.

ಕೋಚ್ ಮತ್ತು ಸಮಾನರ ಬಳಗ

ಕೋಚ್ ಒಬ್ಬರಿಂದ ಹೊಸ ಮಾಹಿತಿ ಸಿಗುತ್ತದೆ ಎಂದುಕೊಂಡು ಹೋಗುವವರು ನಿರಾಶರಾಗುತ್ತಾರೆ. ನೀವು ಕೆಲಸ ಮಾಡುವುದನ್ನು ಅವರು ನೋಡಿಲ್ಲ. ನೀವು ಹೇಳಿದ ಕಥೆಯಷ್ಟೇ ಅವರಿಗೆ ಗೊತ್ತು. ಅವರ ಬೆಲೆ ಇರುವುದು ಬೇರೆ ಕಡೆ. ವಿಷಯ ಗೊತ್ತಿದೆ, ಬದಲಾಗಲು ಆಗುತ್ತಿಲ್ಲ ಎಂಬ ಹಂತದಲ್ಲಿ, ಅಡ್ಡಿಯಾಗಿರುವುದು ಏನೆಂದು ತಾಳ್ಮೆಯಿಂದ ಕೇಳುತ್ತಾ ಹೋಗುವ ಒಬ್ಬರು ಬೇಕಾಗುತ್ತಾರೆ. ಆದುದರಿಂದ 360 ಡಿಗ್ರಿ ವರದಿಯನ್ನೋ ಆರು ತಿಂಗಳ ನೋಟ್‌ಬುಕ್ಕನ್ನೋ ಕೈಯಲ್ಲಿ ಹಿಡಿದು ಕೋಚ್ ಬಳಿ ಹೋಗುವುದಕ್ಕೂ ಬರಿಗೈಯಲ್ಲಿ ಹೋಗುವುದಕ್ಕೂ ಬಹಳ ವ್ಯತ್ಯಾಸವಿದೆ. ಶುಲ್ಕವನ್ನು ಸಂಸ್ಥೆ ಭರಿಸುತ್ತಿದ್ದರೆ, ಮಾತುಕತೆಯಲ್ಲಿ ಯಾವುದು ಸಂಸ್ಥೆಗೆ ತಲುಪುತ್ತದೆ, ಯಾವುದು ತಲುಪುವುದಿಲ್ಲ ಎಂಬುದನ್ನು ಮೊದಲ ಭೇಟಿಗೂ ಮುನ್ನ ಮೂವರೂ ಸೇರಿ ಬರಹದಲ್ಲಿ ಒಪ್ಪಿಕೊಳ್ಳಬೇಕು.

ಬೇರೆ ಬೇರೆ ಸಂಸ್ಥೆಗಳಲ್ಲಿ ಅದೇ ಮಟ್ಟದ ಹೊಣೆ ಹೊತ್ತ ಐದಾರು ಮಂದಿಯ ಬಳಗ ತಿಂಗಳಿಗೊಮ್ಮೆ ಸೇರುವುದಾದರೆ, ಖರ್ಚಿಲ್ಲದೆಯೇ ಈ ಪ್ರಯೋಜನದ ಬಹುಪಾಲು ದಕ್ಕುತ್ತದೆ. ಸಂಸ್ಥೆಯ ಅತ್ಯುನ್ನತ ಹುದ್ದೆಯಲ್ಲಿರುವವರಿಗೆ ನಾನು ಮೊದಲು ಸೂಚಿಸುವುದು ಇದನ್ನೇ, ಏಕೆಂದರೆ ಅವರ ಮುಖ ನೋಡಿ ಇಲ್ಲ ಎನ್ನಬಲ್ಲವರು ಸಂಸ್ಥೆಯ ಒಳಗೆ ಉಳಿದಿರುವುದು ಅಪರೂಪ. ಬಳಗದವರೆಲ್ಲ ಒಬ್ಬರನ್ನೊಬ್ಬರು ಸಮರ್ಥಿಸಿಕೊಂಡು ಕೈಕೆಳಗಿನವರನ್ನು ದೂರುವ ಕೂಟವಾಗಿ ಅದು ಬದಲಾಗಲು ಹೆಚ್ಚು ಸಮಯ ಬೇಕಿಲ್ಲ ಎಂಬ ಎಚ್ಚರವೂ ಇರಲಿ. ತಮ್ಮ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣವನ್ನೇ ತೋರಿಸುವವರು ಇಬ್ಬರಿದ್ದರೂ ಬಳಗ ಕೆಡುತ್ತದೆ.

ವ್ಯಕ್ತಿತ್ವ ಪರೀಕ್ಷೆ, ಧ್ಯಾನ

ವ್ಯಕ್ತಿತ್ವ ಪರೀಕ್ಷೆಗಳಿಗೆ ನಾನು ಕೊನೆಯ ಸ್ಥಾನ ಕೊಡುತ್ತೇನೆ. ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ ಅವರ ವಿಚಾರಗಳ ಆಧಾರದ ಮೇಲೆ ಕ್ಯಾಥರಿನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಬ್ರಿಗ್ಸ್ ಮೈಯರ್ಸ್ ರೂಪಿಸಿದ ಎಂಬಿಟಿಐ (ಮೈಯರ್ಸ್-ಬ್ರಿಗ್ಸ್ ಟೈಪ್ ಇಂಡಿಕೇಟರ್) ಎಂಬ ಪರೀಕ್ಷೆ ಜನರನ್ನು 16 ಬಗೆಗಳಾಗಿ ವಿಂಗಡಿಸುತ್ತದೆ. ಕೆಲವು ವಾರಗಳ ನಂತರ ಮತ್ತೆ ಅದೇ ಪರೀಕ್ಷೆ ತೆಗೆದುಕೊಂಡಾಗ ಗಣನೀಯ ಸಂಖ್ಯೆಯ ಜನ ಬೇರೆ ಬಗೆಗೆ ಸೇರುತ್ತಾರೆ ಎಂಬುದು ಅದರ ಮೇಲಿರುವ ಹಳೆಯ ಆಕ್ಷೇಪ. ಮನಶ್ಶಾಸ್ತ್ರಜ್ಞರು ಹೆಚ್ಚು ನೆಚ್ಚುವುದು ಬಿಗ್ ಫೈವ್ ಅನ್ನು. ಅದು ಜನರನ್ನು ಡಬ್ಬಿಗಳಿಗೆ ಹಾಕದೆ ಐದು ಗುಣಗಳ ಅಳತೆಪಟ್ಟಿಯ ಮೇಲೆ ಗುರುತಿಸುತ್ತದೆ. ಆದರೂ ಪ್ರಶ್ನೆಗಳಿಗೆ ಉತ್ತರಿಸಿದವರು ನೀವೇ ಆದುದರಿಂದ, ನಿಮಗೆ ಕಾಣದಿರುವುದು ವರದಿಯಲ್ಲಿಯೂ ಕಾಣುವುದಿಲ್ಲ. ತಂಡದವರೆಲ್ಲ ತಮ್ಮ ತಮ್ಮ ಕೆಲಸದ ರೀತಿಯ ಬಗ್ಗೆ ಮಾತು ಆರಂಭಿಸಲು ಒಂದು ನೆಪ ಬೇಕಾದಾಗ ಇವು ಉಪಯೋಗಕ್ಕೆ ಬರುತ್ತವೆ. ನನ್ನ ಬಗೆಯೇ ಹೀಗೆ ಎಂದು ಹೇಳಿಕೊಂಡು ಒರಟುತನವನ್ನು ಸಮರ್ಥಿಸಿಕೊಳ್ಳುವವರ ಕೈಯಲ್ಲಿ ಇವು ಅರಿವಿಗೇ ಅಡ್ಡಿ.

ಧ್ಯಾನದ ಸ್ಥಾನ ಬೇರೆ. 1979ರಲ್ಲಿ ಜಾನ್ ಕಬಾಟ್ ಝಿನ್ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಆರಂಭಿಸಿದ, ಈಗ ಎಂಟು ವಾರಗಳ ತರಬೇತಿಯಾಗಿ ಹಲವೆಡೆ ನಡೆಯುವ ಧ್ಯಾನಕ್ರಮ ದೀರ್ಘಕಾಲದ ನೋವು ಮತ್ತು ಒತ್ತಡದಿಂದ ಬಳಲುವವರಿಗಾಗಿ ರೂಪುಗೊಂಡದ್ದು. ಸಿಟ್ಟು ಬರುತ್ತಿದೆ ಎಂಬುದನ್ನು ಅದು ಬಾಯಿಗೆ ಬರುವ ಮುನ್ನವೇ ಗಮನಿಸುವ ಶಕ್ತಿಯನ್ನು ಅಭ್ಯಾಸ ಬೆಳೆಸುತ್ತದೆ. ಅದು ಮೊದಲನೆಯ ಬಗೆಗೆ ಮಾತ್ರ ಸಂಬಂಧಿಸಿದ್ದು. ತಮ್ಮ ಉಸಿರನ್ನು ಚೆನ್ನಾಗಿ ಬಲ್ಲವರು ತಮ್ಮ ಮಾತಿನಿಂದ ಎದುರಿನವರಿಗೆ ಆದ ಗಾಯವನ್ನು ಅರಿಯದೆಯೇ ಇರಬಹುದು.

ಹಾಗಾದರೆ ಯಾವುದರಿಂದ ಆರಂಭಿಸುವುದು

ಮೊದಲ ಬಾರಿಗೆ ತಂಡದ ಹೊಣೆ ಹೊತ್ತವರು ನಿರ್ಧಾರದ ನೋಟ್‌ಬುಕ್ಕನ್ನು ಮೊದಲ ವಾರದಿಂದಲೇ ಆರಂಭಿಸಿ, ಅದರ ಜೊತೆಗೆ ಎರಡು ವಾರಕ್ಕೊಮ್ಮೆ ತಂಡದ ಒಬ್ಬರನ್ನು ಸಣ್ಣ ಪ್ರಶ್ನೆಯೊಂದನ್ನು ಕೇಳುವುದು ಸಾಕು. ಇನ್ನೂ ನಿಮ್ಮ ಬಗ್ಗೆ ಯಾರಿಗೂ ಗಟ್ಟಿಯಾದ ಅಭಿಪ್ರಾಯ ಮೂಡಿಲ್ಲದ ಆ ದಿನಗಳಲ್ಲಿ 360 ಡಿಗ್ರಿ ವರದಿಯಿಂದ ಸಿಗುವುದು ಬಹಳ ಕಡಿಮೆ. ಹತ್ತು ವರ್ಷ ಅದೇ ರೀತಿಯಲ್ಲಿ ನಡೆದುಕೊಂಡು ಬಂದವರ ವಿಷಯ ಇದಕ್ಕೆ ವಿರುದ್ಧ. ಅವರ ಸುತ್ತಲಿನವರು ಅವರಿಗೆ ಹೊಂದಿಕೊಂಡಿರುತ್ತಾರೆ, ಹೇಳುವುದನ್ನು ಬಿಟ್ಟಿರುತ್ತಾರೆ. ಅಂಥವರಿಗೆ ಸಭೆಯ ಧ್ವನಿಮುದ್ರಣ ಮೊದಲು, ಹೆಸರಿಲ್ಲದ ಫೀಡ್‌ಬ್ಯಾಕ್ ಆಮೇಲೆ. ಒಬ್ಬರಾದ ಮೇಲೆ ಒಬ್ಬರು ಕೆಲಸ ಬಿಟ್ಟು ಹೋಗುತ್ತಿದ್ದರೆ, ಹೋದವರಲ್ಲಿ ಒಬ್ಬರನ್ನು, ಅವರು ಬಿಟ್ಟು ಕೆಲವು ತಿಂಗಳಾದ ಮೇಲೆ ಭೇಟಿಯಾಗಿ ಕೇಳುವುದಕ್ಕೆ ಸಮನಾದ ಸಾಧನ ಇನ್ನೊಂದಿಲ್ಲ, ಏಕೆಂದರೆ ಅವರಿಗೆ ನಿಮ್ಮಿಂದ ಇನ್ನು ಕಳೆದುಕೊಳ್ಳುವುದೇನೂ ಇರುವುದಿಲ್ಲ. ಸಿಟ್ಟೇ ನಿಮ್ಮ ತೊಡಕೆಂದು ನಿಮಗೂ ಗೊತ್ತು, ಮನೆಯವರಿಗೂ ಗೊತ್ತು ಎಂದಾದರೆ ಇನ್ನಷ್ಟು ಮಾಹಿತಿ ಕೂಡಿಹಾಕುವುದನ್ನು ನಿಲ್ಲಿಸಿ ಧ್ಯಾನವನ್ನೋ ಕೋಚ್‌ನೆರವನ್ನೋ ಆರಿಸಿಕೊಳ್ಳಿ.

ಎರಡಕ್ಕಿಂತ ಹೆಚ್ಚು ಸಾಧನಗಳನ್ನು ಒಟ್ಟಿಗೆ ಹಿಡಿಯಬೇಡಿ, ಹಿಡಿದದ್ದನ್ನು ಮೂರು ತಿಂಗಳಿಗೆ ಮುನ್ನ ಬಿಡಬೇಡಿ. ಮೂರು ತಿಂಗಳಾದ ಮೇಲೆ (ನಿರ್ಧಾರದ ನೋಟ್‌ಬುಕ್ ಆದರೆ ದಾಖಲೆಗಳನ್ನು ನಡೆದದ್ದರೊಂದಿಗೆ ಹೋಲಿಸಿ ನೋಡಿದ ಮೇಲೆ), ಈ ಸಾಧನದಿಂದ ನನಗೆ ಮೊದಲು ಗೊತ್ತಿಲ್ಲದಿದ್ದ ಯಾವ ಸಂಗತಿ ತಿಳಿಯಿತು ಎಂದು ಒಂದೇ ವಾಕ್ಯದಲ್ಲಿ ಬರೆಯಲು ಪ್ರಯತ್ನಿಸಿ. ಆ ವಾಕ್ಯದಲ್ಲಿ ಒಂದು ದಿನ, ಒಬ್ಬ ವ್ಯಕ್ತಿ, ನೀವು ಮಾಡಿದ ಒಂದು ಕೆಲಸ ಇದ್ದರೆ ಸಾಧನ ಫಲ ಕೊಡುತ್ತಿದೆ, ಮುಂದುವರಿಸಿ. ನಾನು ಸ್ವಲ್ಪ ಹೆಚ್ಚು ತಾಳ್ಮೆ ಬೆಳೆಸಿಕೊಳ್ಳಬೇಕು ಎಂಬಂಥ ಯಾರು ಬೇಕಾದರೂ ಯಾವಾಗ ಬೇಕಾದರೂ ಬರೆಯಬಹುದಾದ ವಾಕ್ಯ ಬಂದರೆ, ಬಹುಶಃ ಬೇರೆ ಬಗೆಯ ಕುರುಡಿಗೆ ಮದ್ದು ಮಾಡುತ್ತಿದ್ದೀರಿ. ಮೇಲಿನ ಮೂರು ಬಗೆಗಳಲ್ಲಿ ಇನ್ನೊಂದಕ್ಕೆ ಹೊಂದುವ ಸಾಧನವನ್ನು ಮುಂದಿನ ಮೂರು ತಿಂಗಳಿಗೆ ಆರಿಸಿಕೊಳ್ಳಿ.